ಬಿಸಿಲಿನ ದೂರದ ಸವಾರಿಗೆ ಟ್ರಯಾಥ್ಲಾನ್ ಶೂ: ಗಾಳಿಗಿಂತ ಅಳತೆ ಮುಖ್ಯ

ಪ್ರಶ್ನೆ: ಗೋವಾದ ಐರನ್‌ಮ್ಯಾನ್ 70.3 ಟ್ರಯಾಥ್ಲಾನ್‌ಗೆ (ಈಜು, ಸೈಕಲ್, ಓಟ ಒಂದರ ಹಿಂದೊಂದು ಬರುವ ಸ್ಪರ್ಧೆ) ತಯಾರಿ ನಡೆಸಿದ್ದೇನೆ. ಬಿಸಿಲಿನಲ್ಲಿ ಎರಡು ಗಂಟೆ ಸೈಕಲ್ ತುಳಿಯುವಷ್ಟರಲ್ಲಿ ಅಂಗಾಲಿನ ಮುಂಭಾಗ ಉರಿಯತೊಡಗುತ್ತದೆ. ಗಾಳಿಯಾಡುವ ಟ್ರಯಾಥ್ಲಾನ್ ಶೂ ಕೊಂಡರೆ ಇದು ನಿಲ್ಲುತ್ತದೆಯೇ?

ಉತ್ತರ: ಸ್ವಲ್ಪ ಹಾಯೆನಿಸಬಹುದು, ಆದರೆ ಗಾಳಿಯೊಂದರಿಂದಲೇ ಉರಿ ನಿಲ್ಲುವುದು ಅನುಮಾನ. ಇಂಥ ಉರಿಗೆ ಸಾಮಾನ್ಯವಾಗಿ ಬಿಸಿಲಿಗಿಂತ ಒತ್ತಡವೇ ದೊಡ್ಡ ಕಾರಣ. ಸೆಕೆಯಲ್ಲಿ ಪಾದ ಊದಿಕೊಳ್ಳುವುದರಿಂದ ಮುಂಜಾನೆ ಹದವಾಗಿದ್ದ ಶೂ ಹೊತ್ತೇರಿದಂತೆ ಬಿಗಿಯಾಗುತ್ತದೆ. ಆಗ ಬೆರಳುಗಳ ಬುಡದ ಮೂಳೆಗಳ ನಡುವೆ ಹಾದುಹೋಗುವ ನರಗಳು ಅದುಮಿಕೊಂಡು ಮೊದಲು ಜೋಮು, ಆಮೇಲೆ ಉರಿ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಮೊದಲು ನೋಡಬೇಕಾದದ್ದು ಶೂವಿನ ಮುಂಭಾಗದ ಅಗಲ. ಪಾದ ತುಸು ಊದಿರುವ ಸಂಜೆಯ ಹೊತ್ತಿನಲ್ಲಿ, ಸ್ಪರ್ಧೆಯಲ್ಲಿ ಹಾಕುವ ಕಾಲುಚೀಲವನ್ನೇ ತೊಟ್ಟು ಅಳತೆ ನೋಡಿ. ಹಿಮ್ಮಡಿ ಜಾರಬಾರದು, ಬೆರಳುಗಳು ಮಾತ್ರ ಆರಾಮವಾಗಿ ಆಡುವಂತಿರಬೇಕು. ಉದ್ದ ಸರಿಯಿದ್ದು ಅಗಲ ಸಾಲದಿದ್ದರೆ ಒಂದು ಸೈಜ್ ದೊಡ್ಡದನ್ನು ಕೊಳ್ಳುವ ಬದಲು ಅದೇ ಸೈಜಿನ ಅಗಲ ಮಾದರಿಯನ್ನು ಕೇಳಿ. ದೊಡ್ಡ ಸೈಜಿನಲ್ಲಿ ಹಿಮ್ಮಡಿ ಸಡಿಲಗೊಂಡು ಬೊಬ್ಬೆ ಏಳುತ್ತದೆ.

ಟ್ರಯಾಥ್ಲಾನ್ ಶೂವಿನ ಹಿಂಬದಿಯ ಎಳೆಕುಣಿಕೆ, ಹೊರಬದಿಗೆ ತೆರೆದುಕೊಳ್ಳುವ ಒಂದೋ ಎರಡೋ ಅಗಲವಾದ ವೆಲ್ಕ್ರೋ ಪಟ್ಟಿ, ಹೊಲಿಗೆ ಚುಚ್ಚದ ಒಳಮೈ, ಇವೆಲ್ಲ ಇರುವುದು ಈಜು ಮುಗಿಸಿದ ಒದ್ದೆ ಕಾಲನ್ನು ಬೇಗ ತೂರಿಸಲಿಕ್ಕೆ. ತಲೆಗೆ ಸುರಿದುಕೊಂಡ ನೀರೆಲ್ಲ ಕಾಲಿಗಿಳಿದು ಶೂವಿನಲ್ಲಿ ನಿಲ್ಲುವುದರಿಂದ, ಬಿಸಿಲಿನಲ್ಲಿ ಜಾಳಿಗೆ ಬಟ್ಟೆಯಷ್ಟೇ ಅಡಿಯ ರಂಧ್ರಗಳೂ ಉಪಯುಕ್ತ. ಒಂದೇ ಪಟ್ಟಿಯ ಶೂ ಕಡಿಮೆ ದೂರದ ಸ್ಪರ್ಧೆಗೆ ಸರಿ. 90 ಕಿ.ಮೀ. ಸವಾರಿಗೆ ನನ್ನ ಆಯ್ಕೆ ಎರಡು ಪಟ್ಟಿಯದು, ಏಕೆಂದರೆ ಪಾದ ಊದಿದಾಗ ಹಿಮ್ಮಡಿಯ ಹಿಡಿತ ಕೆಡದಂತೆ ಮುಂದಿನ ಪಟ್ಟಿಯೊಂದನ್ನೇ ಸವಾರಿಯ ನಡುವೆ ಸಡಿಲಿಸಬಹುದು. ಡಯಲ್ ತಿರುಗಿಸಿ ಬಿಗಿಮಾಡುವ ಸಾಮಾನ್ಯ ರೋಡ್ ಸೈಕಲ್ ಶೂ ನಿಮ್ಮ ಪಾದಕ್ಕೆ ಹೊಂದಿದ್ದರೆ ಅದನ್ನೇ ಧರಿಸಿ. ಅದನ್ನು ಹಾಕಿಕೊಳ್ಳುವುದರಲ್ಲಿ ಕಳೆದುಹೋಗುವ ಅರ್ಧ ನಿಮಿಷಕ್ಕಾಗಿ ಮೂರು ಗಂಟೆಯ ಉರಿಯನ್ನು ಸಹಿಸುವುದರಲ್ಲಿ ಅರ್ಥವಿಲ್ಲ.

ಹಣ ಖರ್ಚು ಮಾಡುವ ಮೊದಲು ಈಗಿರುವ ಶೂವಿನ ಕ್ಲೀಟನ್ನು (ಪೆಡಲಿಗೆ ಕಚ್ಚಿಕೊಳ್ಳುವ ಅಡಿಯ ತುಂಡು) ಮೂರ್ನಾಲ್ಕು ಮಿಲಿಮೀಟರ್ ಹಿಮ್ಮಡಿಯ ಕಡೆಗೆ ಸರಿಸಿ, ಅದರಿಂದ ಕಾಲು ತುಸು ಹೆಚ್ಚು ಚಾಚುವಂತಾದರೆ ಸೀಟನ್ನು ಕೂದಲೆಳೆಯಷ್ಟು ಇಳಿಸಿ ನೋಡಿ. ಬೆರಳ ಬುಡದ ಮೇಲಿನ ಒತ್ತಡ ಹಂಚಿಹೋಗಿ, ಎಷ್ಟೋ ಮಂದಿಗೆ ಇಷ್ಟರಿಂದಲೇ ಉರಿ ತಗ್ಗುತ್ತದೆ. ಪಾದದ ಕಮಾನಿಗೆ ಆಸರೆ ಕೊಡುವ ಒಳಹಾಸೂ ನೆರವಾಗುತ್ತದೆ. ಸವಾರಿ ಮುಗಿದ ಮೇಲೂ ಜೋಮು ಉಳಿದರೆ ಮಾತ್ರ ವೈದ್ಯರನ್ನು ಕಾಣಿ.

ಕಾಲುಚೀಲವಿಲ್ಲದೆ ಬರಿಗಾಲಿಗೇ ಶೂ ತೊಟ್ಟು ತುಳಿಯುವ ಆಸೆಯಿದ್ದರೆ ಗೋವಾದ ಮರಳನ್ನು ನೆನಪಿಡಿ. ಕಡಲಿನಿಂದ ಎದ್ದು ಬಂದ ಕಾಲಿನ ಬೆರಳ ಸಂದಿಯಲ್ಲಿ ಉಳಿದ ನಾಲ್ಕು ಕಾಳು ಮರಳು 90 ಕಿ.ಮೀ. ಮುಗಿಯುವುದರೊಳಗೆ ಚರ್ಮ ಸುಲಿದುಬಿಡುತ್ತದೆ. ಅದರ ಮೇಲೆ 21.1 ಕಿ.ಮೀ. ಓಟವಿದೆ. ಸೈಕಲ್ಲಿನ ಬಳಿ ಕಾಲು ತೊಳೆಯಲು ಒಂದು ಬಾಟಲಿ ನೀರು, ಒರೆಸಲು ಚಿಕ್ಕ ಟವೆಲ್ ಮತ್ತು ಮೊದಲೇ ಅರ್ಧ ಮಡಚಿಟ್ಟ ತೆಳು ಕಾಲುಚೀಲ ಇಟ್ಟುಕೊಳ್ಳಿ.