ಸಮುದ್ರ ಏರೋದು ಮಿಲಿಮೀಟರ್‌ನಲ್ಲಿ, ಬೀಚ್ ಹೋಗೋದು ಮೀಟರ್‌ಗಟ್ಟಲೆ

ಸಮುದ್ರ ಮಟ್ಟ ವರ್ಷಕ್ಕೆ ಮೂರ್ನಾಲ್ಕು ಮಿಲಿಮೀಟರ್ ಏರ್ತಿದೆ ಅಂದ್ರೆ ಯಾರೂ ಅಷ್ಟೊಂದು ತಲೆ ಕೆಡಿಸ್ಕೊಳ್ಳಲ್ಲ. ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆ ಮಾಡಿರೋ ವಿಜ್ಞಾನಿಗಳ ಸಮಿತಿ ಐಪಿಸಿಸಿಯ ವರದಿ ಪ್ರಕಾರ 1901ರಿಂದ 2018ರವರೆಗೆ ಒಟ್ಟು ಏರಿದ್ದು ಸುಮಾರು 20 ಸೆಂಟಿಮೀಟರ್, ಆದ್ರೆ 2006ರ ನಂತರದ ವೇಗ ನೋಡಿದ್ರೆ ವರ್ಷಕ್ಕೆ 3.7 ಮಿಲಿಮೀಟರ್, ಅಂದ್ರೆ ಕಳೆದ ಶತಮಾನದ ಮೊದಲರ್ಧಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ನೀರು ಬಿಸಿಯಾದ್ರೆ ಹಿಗ್ಗತ್ತೆ, ಅದರ ಜೊತೆ ನೆಲದ ಮೇಲಿನ ಹಿಮ ಕರಗಿ ಸೇರ್ತಿರೋ ನೀರು ಬೇರೆ.

ಬೀಚ್ ವಿಷಯದಲ್ಲಿ ನೀರು ಎಷ್ಟು ಮೇಲೆ ಬಂತು ಅನ್ನೋದಕ್ಕಿಂತ ದಡ ಎಷ್ಟು ಹಿಂದೆ ಸರೀತು ಅನ್ನೋದು ಮುಖ್ಯ. ಪೇರ್ ಬ್ರೂನ್ ಅನ್ನೋ ಡೆನ್ಮಾರ್ಕ್ ಮೂಲದ ಇಂಜಿನಿಯರ್ 1962ರಲ್ಲಿ ಇದಕ್ಕೊಂದು ಸೂತ್ರ ಕೊಟ್ರು. ಮರಳಿನ ಇಳಿಜಾರಿಗೆ ಅಲೆಗಳೇ ಒಂದು ಆಕಾರ ಕೊಟ್ಟಿರ್ತವೆ, ನೀರು ಏರಿದ್ರೆ ಆ ಆಕಾರ ಉಳಿಯೋಕೆ ಸಮುದ್ರದ ತಳವೂ ಅಷ್ಟೇ ಏರ್ಬೇಕು, ಅದಕ್ಕೆ ಬೇಕಾದ ಮರಳನ್ನ ಅಲೆ ದಡದಿಂದಲೇ ಕಿತ್ಕೊಂಡು ಹೋಗತ್ತೆ. ಹಾಗಾಗಿ ನೀರು ಏರಿದ್ದರ 50ರಿಂದ 100 ಪಟ್ಟು ದಡ ಹಿಂದೆ ಸರಿಯತ್ತೆ. 20 ಸೆಂಟಿಮೀಟರ್ ಅಂದ್ರೆ 10ರಿಂದ 20 ಮೀಟರ್! ಬಂಡೆ ಇರೋ ಕಡೆ, ಅಳಿವೆ ಹತ್ರ, ಬೇರೆ ಕಡೆಯಿಂದ ಮರಳು ಬರೋ ಹೋಗೋ ಕಡೆ ಈ ಲೆಕ್ಕ ಸರಿಯಾಗಿ ಕೂರಲ್ಲ, ತುಂಬಾ ವಿಜ್ಞಾನಿಗಳು ಇದನ್ನ ಕಟುವಾಗಿ ಟೀಕಿಸಿದ್ದಾರೆ, ಅದು ನ್ಯಾಯವೇ. ಆದ್ರೂ ಸಣ್ಣ ಏರಿಕೆಗೆ ದಡ ಯಾಕೆ ಅಷ್ಟು ಓಡತ್ತೆ ಅನ್ನೋದು ಇದರಿಂದ ಅರ್ಥ ಆಗತ್ತೆ.

ಕಣ್ಣಿಗೆ ಕಾಣೋ ಕಡಲ್ಕೊರೆತ ಮಾತ್ರ ಬಿರುಗಾಳಿ ದಿನದ್ದು. ಎತ್ತರದ ಅಲೆಗಳು ಒಂದೇ ರಾತ್ರೀಲಿ ಮರಳು ಕೊರೆದು ಆಳೆತ್ತರದ ಮೆಟ್ಟಿಲು ಮಾಡಿಬಿಡ್ತವೆ, ಆ ಮರಳು ಸ್ವಲ್ಪ ದೂರದಲ್ಲಿ ನೀರೊಳಗೆ ದಿಬ್ಬವಾಗಿ ನಿಲ್ಲತ್ತೆ, ಸಮುದ್ರ ಶಾಂತವಾದ ಮೇಲೆ ಸಣ್ಣ ಅಲೆಗಳು ಅದನ್ನ ತಿಂಗಳುಗಟ್ಟಲೆ ನಿಧಾನಕ್ಕೆ ವಾಪಸ್ ತಂದು ಹಾಕ್ತವೆ. ಮಟ್ಟ ಏರಿದಾಗ ಬಿರುಗಾಳಿ ಅಲೆ ಇನ್ನೂ ಒಳಗೆ ನುಗ್ಗತ್ತೆ, ಹೋದ ಮರಳು ಪೂರ್ತಿ ಹಿಂದೆ ಬರಲ್ಲ.

ಹಿಂದೆ ಸರಿಯೋಕೆ ಜಾಗ ಇದ್ರೆ ಬೀಚ್ ಸಾಯಲ್ಲ, ಜಾಗ ಬದಲಾಯಿಸತ್ತೆ ಅಷ್ಟೇ. ನಾವು ಅಲ್ಲಿ ರಸ್ತೆ ಬಿಲ್ಡಿಂಗ್ ಕಟ್ಟಿ, ಅದನ್ನ ಉಳಿಸೋಕೆ ಮುಂದೆ ತಡೆಗೋಡೆ ಹಾಕ್ತೀವಿ. ಗೋಡೆ ಹಿಂದಿನ ಆಸ್ತಿ ಉಳಿಯತ್ತೆ ನಿಜ, ಆದ್ರೆ ಅಲೆ ಗೋಡೆಗೆ ಬಡಿದು ವಾಪಸ್ ಬರೋವಾಗ ಬುಡದ ಮರಳನ್ನ ಎಳ್ಕೊಂಡು ಹೋಗತ್ತೆ, ಗೋಡೆ ಮುಗಿಯೋ ತುದೀಲಿ ಪಕ್ಕದವರ ದಡ ಇನ್ನೂ ಜೋರಾಗಿ ಕೊರೆಯತ್ತೆ. ಬೀಚ್ ಉಳಿಸ್ತೀವಿ ಅಂತ ಹೇಳ್ಕೊಂಡು ಕಲ್ಲು ಸುರಿಯೋದನ್ನ ನೋಡಿದ್ರೆ ನಂಗೆ ನಿಜಕ್ಕೂ ಸಂಕಟ ಆಗತ್ತೆ.

ಎಲ್ಲದಕ್ಕೂ ಸಮುದ್ರ ಮಟ್ಟವೇ ಕಾರಣ ಅನ್ನೋದೂ ತಪ್ಪು. ಸ್ಯಾಟಲೈಟ್ ಚಿತ್ರ ನೋಡಿ ಮಾಡಿದ 2018ರ ಒಂದು ಅಧ್ಯಯನದಲ್ಲಿ ಪ್ರಪಂಚದ ಮರಳಿನ ಬೀಚ್‌ಗಳಲ್ಲಿ 24% ಕೊರೀತಿವೆ, 28% ಬೆಳೀತಿವೆ, ಉಳಿದವು ಹೆಚ್ಚುಕಮ್ಮಿ ಹಾಗೇ ಇವೆ ಅಂತ ಬಂತು. ಎಷ್ಟೋ ಕಡೆ ಮರಳು ತರೋದೇ ನದಿ, ಅದಕ್ಕೆ ಡ್ಯಾಂ ಕಟ್ಟಿದ್ರೆ ಅಲ್ಲೇ ನಿಂತುಬಿಡತ್ತೆ, 1970ರಲ್ಲಿ ಈಜಿಪ್ಟ್‌ನ ಅಸ್ವಾನ್ ಹೈ ಡ್ಯಾಂ ಮುಗಿದ ಮೇಲೆ ನೈಲ್ ನದಿ ಸಮುದ್ರ ಸೇರೋ ಜಾಗದಲ್ಲಿ ಆದದ್ದು ಇದೇ. ಮರಳಿನ ಆದಾಯ ನಿಂತು ನೀರೂ ಏರ್ತಾ ಇದ್ರೆ ಆ ದಡ ತಡ್ಕೊಳ್ಳೋದು ಕಷ್ಟ.

ಅಮೆರಿಕದ ಕೇಪ್ ಹ್ಯಾಟರಸ್ ದೀಪಸ್ತಂಭ 1870ರಲ್ಲಿ ಕಟ್ಟಿದಾಗ ನೀರಿಂದ ಸುಮಾರು 450 ಮೀಟರ್ ದೂರ ಇತ್ತು, ನೂರು ವರ್ಷದಲ್ಲಿ 40 ಮೀಟರ್‌ಗಿಂತ ಕಮ್ಮಿ ಉಳೀತು. 1999ರಲ್ಲಿ ಇಡೀ ಕಟ್ಟಡವನ್ನೇ ಹಳಿ ಮೇಲೆ ಕೂರಿಸಿ ಸುಮಾರು 880 ಮೀಟರ್ ಸರಿಸಿದ್ರು. ನೆದರ್ಲೆಂಡ್ಸ್‌ನವರು ಬೇರೆ ದಾರಿ ಹಿಡಿದ್ರು, 2011ರಲ್ಲಿ ಒಂದೇ ಜಾಗದಲ್ಲಿ 2 ಕೋಟಿ ಘನಮೀಟರ್‌ಗೂ ಹೆಚ್ಚು ಮರಳು ಹಾಕಿ, ದಡದುದ್ದಕ್ಕೂ ಹಂಚೋ ಕೆಲಸ ಗಾಳಿಗೂ ಅಲೆಗೂ ಬಿಟ್ರು. ಈ ಥರ ಮರಳು ಹಾಕೋವಾಗ ಕಾಳಿನ ಗಾತ್ರ ಹೊಂದಬೇಕು, ಅಲ್ಲಿದ್ದ ಮರಳಿಗಿಂತ ಸಣ್ಣದಾಗಿದ್ರೆ ಅಲೆ ಬೇಗ ಎಳ್ಕೊಂಡು ಹೋಗತ್ತೆ, ಸರಿಯಾದದ್ದೇ ಹಾಕಿದ್ರೂ ಕೆಲವು ವರ್ಷಕ್ಕೊಮ್ಮೆ ಮತ್ತೆ ತುಂಬಿಸ್ತಾ ಇರ್ಬೇಕು.