ಮಕ್ಕಳನ್ನು ಕಟ್ಟಿಕೊಂಡು ಪ್ರವಾಸ ಹೊರಟಾಗ ಹೊರಗಿನ ಊಟವನ್ನು ನಂಬಬಹುದೇ?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಕಾರಿನಲ್ಲಿ ಧರ್ಮಸ್ಥಳ, ಉಡುಪಿ, ಮುರುಡೇಶ್ವರಕ್ಕೆ ಹೋಗಿಬರುವ ಯೋಚನೆಯಿದೆ. ಮಗನಿಗೆ ಎಂಟು ವರ್ಷ, ಮಗಳಿಗೆ ಈಗಷ್ಟೇ ಮೂರು ತುಂಬಿದೆ. ಹೋದ ವರ್ಷದ ಪ್ರವಾಸದಲ್ಲಿ ಎರಡನೇ ದಿನವೇ ಮಗಳಿಗೆ ವಾಂತಿ-ಭೇದಿ ಹತ್ತಿಕೊಂಡು ಅರ್ಧಕ್ಕೇ ವಾಪಸಾದೆವು. ಈ ಸಲ ಅತ್ತೆಯವರು ‘ಊಟವೆಲ್ಲ ಮನೆಯಿಂದಲೇ ಕಟ್ಟಿಕೊಳ್ಳೋಣ’ ಅನ್ನುತ್ತಿದ್ದಾರೆ. ನಮ್ಮ ಯಜಮಾನರು ‘ದೊಡ್ಡ ಹೋಟೆಲಿಗೇ ಹೋದರೆ ಏನೂ ಆಗಲ್ಲ’ ಅನ್ನುತ್ತಾರೆ. ಯಾವುದು ಸರಿ?

ಉತ್ತರ: ಹೊರಗಿನ ಊಟವನ್ನು ನಂಬಬಹುದು. ಆದರೆ ಹೋಟೆಲಿನ ಬೋರ್ಡು ನೋಡಿ ನಂಬುವ ಬದಲು ಗಡಿಯಾರ ನೋಡಿ ನಂಬಿ. ಮಕ್ಕಳು ಎಷ್ಟು ಹೊತ್ತಿಗೆ ಉಣ್ಣುತ್ತಾರೆ, ತಟ್ಟೆಗೆ ಬಿದ್ದದ್ದು ಒಲೆಯಿಂದ ಇಳಿದು ಎಷ್ಟು ಹೊತ್ತಾಗಿದೆ ಎಂಬ ಎರಡನ್ನು ಹಿಡಿತದಲ್ಲಿ ಇಟ್ಟುಕೊಂಡರೆ ಹಟ, ಅಳು, ಹೊಟ್ಟೆನೋವು ಎಲ್ಲವೂ ಬಹುಮಟ್ಟಿಗೆ ತಗ್ಗುತ್ತವೆ.

ಕಾರಣ ಸರಳ. ಬೇಯಿಸಿದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಷ್ಟು ಹೊತ್ತೂ ಅದರಲ್ಲಿ ರೋಗಾಣು ಬೆಳೆಯುತ್ತವೆ. ಹಾಗೆ ಹೊರಗಿಟ್ಟ ಆಹಾರಕ್ಕೆ 2 ಗಂಟೆಯ ಮಿತಿ ಹಾಕಿಕೊಳ್ಳಬೇಕು. ಹೊರಗಿನ ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಏಪ್ರಿಲ್ ತಿಂಗಳ ಕರಾವಳಿಯಲ್ಲಿ ಮಧ್ಯಾಹ್ನ 32 ದಾಟುವುದು ಮಾಮೂಲು. ಯಜಮಾನರು ಹೇಳುವ ದೊಡ್ಡ ಹೋಟೆಲಿನಲ್ಲಿ ಬೆಳಗಿನ ಬಫೆ ಏಳಕ್ಕೆ ಶುರುವಾಗಿ ಹತ್ತೂವರೆವರೆಗೆ ನಡೆಯುತ್ತದೆ. ಹತ್ತು ಗಂಟೆಗೆ ಹೋಗಿ ಮುಚ್ಚಳ ತೆಗೆದರೆ ಕೆಳಗಿನ ದೀಪ ಆರಿಹೋಗಿ ಪೊಂಗಲ್ ಉಗುರುಬೆಚ್ಚಗಿರುತ್ತದೆ. ಅದಕ್ಕಿಂತ ಹೆದ್ದಾರಿ ಬದಿಯ ಚಿಕ್ಕ ಹೋಟೆಲಿನಲ್ಲಿ ಹಬೆಪಾತ್ರೆಯಿಂದ ಈಗಷ್ಟೇ ಇಳಿದು ಹೊಗೆಯಾಡುವ ಇಡ್ಲಿ ಮಗುವಿಗೆ ಕ್ಷೇಮ. ಬಫೆಗೇ ಹೋಗುವುದಾದರೆ ಬಾಗಿಲು ತೆಗೆದ ಹೊತ್ತಿಗೇ ಹೋಗಿ. ಇಲ್ಲವೇ ಎದುರಿಗೇ ದೋಸೆ ಹೊಯ್ಯುವ, ಆಮ್ಲೆಟ್ ಹಾಕಿಕೊಡುವ ಕೌಂಟರಿಗೆ ಮಕ್ಕಳನ್ನು ಕರೆದೊಯ್ಯಿರಿ.

ನಿಮ್ಮ ದಾರಿಗೇ ಲೆಕ್ಕ ಹಾಕೋಣ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು 300 ಕಿ.ಮೀ. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಬೇಕು. ಬೆಳಿಗ್ಗೆ ಐದಕ್ಕೆ ಹೊರಟರೆ ಮಕ್ಕಳು ಕಾರಿನಲ್ಲೇ ನಿದ್ದೆ ಮುಂದುವರಿಸುತ್ತಾರೆ. ಏಳೂವರೆ ಸುಮಾರಿಗೆ ಏಳುವಾಗ ಚನ್ನರಾಯಪಟ್ಟಣದ ಆಸುಪಾಸಿನಲ್ಲಿ ಇರುತ್ತೀರಿ. ಅಲ್ಲೇ ತಿಂಡಿ ಮುಗಿಸಿ. ‘ಸಕಲೇಶಪುರಕ್ಕೇ ಹೋಗಿ ತಿನ್ನೋಣ, ಅಲ್ಲಿ ತಂಪಾಗಿರುತ್ತೆ’ ಎಂದು ಮುಂದೂಡಬೇಡಿ. ಘಾಟಿಯ ಬಾಯಲ್ಲಿ ಹೊಟ್ಟೆ ತುಂಬ ತಿಂದು ತಿರುವುಗಳಿಗೆ ಇಳಿದ ಮಗು ವಾಂತಿ ಮಾಡದೆ ಇರುವುದು ಕಷ್ಟ. ಪೂರ್ತಿ ಖಾಲಿ ಹೊಟ್ಟೆಯೂ ಅಷ್ಟೇ ಕೆಟ್ಟದ್ದು. ಘಾಟಿಗೆ ಒಂದೂವರೆ-ಎರಡು ಗಂಟೆ ಮುಂಚೆ ಎರಡು ಇಡ್ಲಿ ಇಳಿದಿದ್ದರೆ ಸರಿಹೋಗುತ್ತದೆ. ಎಣ್ಣೆ ಕುಡಿದ ಪೂರಿ, ಲೋಟ ತುಂಬ ಹಾಲು ಆ ಹೊತ್ತಿಗೆ ಬೇಡ. ದಾರಿಯಲ್ಲಿ ಮೊಬೈಲ್ ಕೈಗೆ ಕೊಡದೆ ಮುಂದಿನ ರಸ್ತೆ ಕಾಣುವಂತೆ ಕೂರಿಸಿ. ವಾಂತಿಯ ಔಷಧಿಯನ್ನು ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ, ಅವರು ಬರೆದಷ್ಟೇ ಕೊಡಿ.

ಮಧ್ಯಾಹ್ನದ ಊಟಕ್ಕೆ ಹನ್ನೆರಡು ಹನ್ನೆರಡೂಕಾಲಿಗೇ ಕೂತುಬಿಡಿ. ಆಗ ಅನ್ನ, ಸಾರು ಆಗತಾನೇ ಇಳಿದಿರುತ್ತದೆ, ಟೇಬಲ್ ಖಾಲಿ ಇರುತ್ತದೆ, ಸಪ್ಲೈಯರ್‌ಗೂ ನಿಮ್ಮ ಮಾತು ಕೇಳುವಷ್ಟು ವ್ಯವಧಾನ ಇರುತ್ತದೆ. ‘ಇನ್ನೊಂದು ಜಾಗ ನೋಡಿಬಿಡೋಣ’ ಎಂದು ಮೂರು ಗಂಟೆಗೆ ಹೋಟೆಲ್ ಹುಡುಕಿದರೆ ಸಿಗುವುದು ಬೆಳಿಗ್ಗೆ ಹನ್ನೊಂದೂವರೆಗೆ ಬಸಿದ ಅನ್ನ, ಜೊತೆಗೆ ಹಸಿದು ಸುಸ್ತಾಗಿ ಏನು ಕೊಟ್ಟರೂ ಬೇಡ ಅನ್ನುವ ಮಗು. ಹಸಿವಿನ ಹೊತ್ತು ದಾಟಿದ ಮೇಲೆ ಮಕ್ಕಳು ಉಣ್ಣುವುದಿಲ್ಲ, ಅಳುತ್ತಾರೆ. ಅದನ್ನು ಹಟ ಎಂದು ನಾವು ಗದರುತ್ತೇವೆ. ರಾತ್ರಿಯೂ ಏಳಕ್ಕೇ ಮುಗಿಸಿ. ನೋಡುವ ಜಾಗ ಒಂದು ಕಡಿಮೆಯಾದರೆ ಪ್ರವಾಸ ಕೆಡುವುದಿಲ್ಲ.

ಈಗ ಆರ್ಡರ್ ಮಾಡುವ ವಿಷಯಕ್ಕೆ ಬರೋಣ. ಹೋಟೆಲ್ ತಿಂಡಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಇರುವುದು ಚಟ್ನಿಯ ಮೇಲೆ. ಇಡ್ಲಿ ಹಬೆಯಲ್ಲಿ ಬೆಂದಿರುತ್ತದೆ, ದೋಸೆ ಕಾದ ಕಾವಲಿಯಿಂದ ಬರುತ್ತದೆ, ಸಾಂಬಾರ್ ಕುದಿಯುತ್ತಿರುತ್ತದೆ. ಕಾಯಿಚಟ್ನಿ ಮಾತ್ರ ಬೇಯಿಸದ್ದು. ಹಸಿ ತೆಂಗಿನಕಾಯಿ, ಹಸಿ ಕೊತ್ತಂಬರಿ, ರುಬ್ಬಲು ಹಾಕಿದ್ದು ಯಾವ ನೀರೋ ಗೊತ್ತಿಲ್ಲ, ಬೆಳಿಗ್ಗೆ ಆರಕ್ಕೆ ರುಬ್ಬಿ ಬಕೆಟ್ಟಿಗೆ ಹಾಕಿದರೆ ಹತ್ತರವರೆಗೂ ಅದೇ ಸೌಟು. ಮೇಲೆ ನೀರು ಒಡೆದು ನಿಂತಿದ್ದರೆ, ಮೂಗಿನ ಹತ್ತಿರ ಹಿಡಿದಾಗ ಸಣ್ಣ ಹುಳಿವಾಸನೆ ಬಂದರೆ ಮಗುವಿನ ತಟ್ಟೆಗೆ ಹಾಕಬೇಡಿ. ಮಗಳಿಗೆ ಇಡ್ಲಿಯನ್ನು ತುಪ್ಪ-ಸಕ್ಕರೆ ಜೊತೆಗೋ ಬಿಸಿ ಸಾಂಬಾರ್ ಜೊತೆಗೋ ಕೊಡಿ. ಸಣ್ಣ ಡಬ್ಬಿಯಲ್ಲಿ ಮನೆಯ ಚಟ್ನಿಪುಡಿ ಇಟ್ಟುಕೊಂಡರೆ ಈ ತಲೆಬಿಸಿಯೇ ಇಲ್ಲ. ಹೆಚ್ಚಿಟ್ಟ ಹಣ್ಣು, ಹಸಿ ಸೌತೆಕಾಯಿ-ಈರುಳ್ಳಿ, ನೀರು ಬೆರೆಸಿದ ಮಜ್ಜಿಗೆ, ಐಸ್ ಹಾಕಿದ ಜ್ಯೂಸ್ ಕೂಡ ಇದೇ ಸಾಲಿಗೆ ಸೇರುತ್ತವೆ. ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆ, ಎದುರಿಗೇ ಕೆತ್ತಿಸಿದ ಎಳನೀರು ಧಾರಾಳವಾಗಿ ಕೊಡಿ.

ಕೂತ ತಕ್ಷಣ ಮೆನು ಹಿಡಿದು ಚರ್ಚೆಗೆ ಇಳಿಯುವ ಮುನ್ನ ಮಕ್ಕಳದ್ದು ಹೇಳಿಬಿಡಿ: ‘ಅಣ್ಣಾ, ಮೊದಲು ಮಗುವಿಗೆ ಒಂದು ಸೆಟ್ ದೋಸೆ, ಖಾರ ಏನೂ ಬೇಡ. ನಮ್ಮದು ನಿಧಾನಕ್ಕೆ ಬರಲಿ.’ ಬರಿಯ ‘ಖಾರ ಕಮ್ಮಿ ಹಾಕಿ’ ಅಂದರೆ ಉಪಯೋಗವಿಲ್ಲ, ಮಸಾಲೆ ಬೆಳಿಗ್ಗೆಯೇ ರುಬ್ಬಿ ಆಗಿರುತ್ತದೆ. ಖಾರವೇ ಇಲ್ಲದ್ದು ಏನಿದೆ ಎಂದು ಕೇಳಿದರೆ ನೀರುದೋಸೆ, ತುಪ್ಪದ ಅನ್ನ, ಸಪ್ಪೆ ತೊವ್ವೆ ಎಂದು ಅವರೇ ಹೇಳುತ್ತಾರೆ. ಆ ಹೋಟೆಲಿನಲ್ಲಿ ಯಾವುದು ಹೆಚ್ಚು ಖರ್ಚಾಗುತ್ತದೋ ಅದನ್ನೇ ತರಿಸಿ. ಉಡುಪಿ ಕಡೆಯ ಸಸ್ಯಾಹಾರಿ ಹೋಟೆಲಿನ ಮೆನುವಿನಲ್ಲಿ ಪಾಸ್ತಾ ಇದ್ದರೂ ದಿನಕ್ಕೆ ಎರಡು ತಟ್ಟೆ ಹೋಗುತ್ತದೋ ಇಲ್ಲವೋ. ಬನ್ಸ್, ಗೋಳಿಬಜೆ ಮಾತ್ರ ಬಾಣಲೆಯಿಂದ ತೆಗೆತೆಗೆದಂತೆ ಖಾಲಿಯಾಗುತ್ತಿರುತ್ತದೆ. ಬಾಳೆಹಣ್ಣು ಹಾಕಿ ಮಾಡುವ ಬನ್ಸ್ ಸಿಹಿಯಾಗಿರುವುದರಿಂದ ಮಕ್ಕಳಿಗೆ ಹೊಸರುಚಿ ಅನ್ನಿಸದೆ ಸುಲಭವಾಗಿ ಹಿಡಿಸುತ್ತದೆ.

ನೀರಿನ ಬಗ್ಗೆ ಒಂದು ಮಾತು. ಬಿಸಿನೀರು ಕೇಳಿದಾಗ ಅನೇಕ ಕಡೆ ಕುದಿಯುವ ನೀರಿಗೆ ನಲ್ಲಿಯ ತಣ್ಣೀರು ಬೆರೆಸಿ ಕುಡಿಯುವ ಹದಕ್ಕೆ ತಂದುಕೊಡುತ್ತಾರೆ. ಅಕ್ಕರೆಯಿಂದಲೇ ಹಾಗೆ ಮಾಡುತ್ತಾರೆ, ಆದರೆ ಕುದಿಸಿದ್ದರ ಪ್ರಯೋಜನ ಅಲ್ಲಿಗೆ ಮುಗಿಯಿತು. ‘ತಣ್ಣೀರು ಬೆರೆಸಬೇಡಿ, ಕುದಿಯುವುದನ್ನೇ ಕೊಡಿ’ ಎಂದು ಹೇಳಿ ಫ್ಲಾಸ್ಕಿಗೆ ಹಾಕಿಸಿಕೊಳ್ಳಿ. ಕೈ ತೊಳೆಯಲು ಪೇಪರ್ ಸೋಪು ಜೇಬಿನಲ್ಲಿರಲಿ. ವಾಂತಿ-ಭೇದಿ ತರುವ ನೊರೊವೈರಸ್‌ನಂಥವು ಸ್ಯಾನಿಟೈಸರ್‌ಗೆ ಸುಲಭವಾಗಿ ಬಗ್ಗುವುದಿಲ್ಲ, ಸೋಪು-ನೀರೇ ಬೇಕು.

ಅತ್ತೆಯವರ ಮಾತಿಗೆ ಬರೋಣ. ಕಟ್ಟಿಕೊಂಡು ಹೋಗುವುದು ಒಳ್ಳೆಯದೇ, ಏನು ಕಟ್ಟಿಕೊಳ್ಳುತ್ತೀರಿ ಅನ್ನುವುದು ಮುಖ್ಯ. ನಸುಕಿನಲ್ಲಿ ಕಲಸಿದ ಮೊಸರನ್ನ, ಕಾಯಿತುರಿ ಉದುರಿಸಿದ ಚಿತ್ರಾನ್ನ ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಧ್ಯಾಹ್ನದವರೆಗೆ ಇರುವುದು ಹೋಟೆಲ್ ಊಟಕ್ಕಿಂತ ಅಪಾಯ. ಅನ್ನದಲ್ಲಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಉಳಿದರೆ ಅದು ಬೆಳೆದು ವಿಷ ಬಿಡುತ್ತದೆ, ವಾಂತಿ ತರುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹುಣಸೆಹುಳಿ ಇರುವ ಪುಳಿಯೋಗರೆ ಸ್ವಲ್ಪ ತಡೆಯುತ್ತದೆ, ಆದರೂ ಅದನ್ನು ಬೆಳಗಿನ ತಿಂಡಿಗೇ ಮುಗಿಸಿ. ಅತ್ತೆಯವರ ಕೈಯಲ್ಲಿ ಮಾಡಿಸಿಕೊಳ್ಳಬೇಕಾದದ್ದು ರಾಗಿ ಹುರಿಹಿಟ್ಟು, ಒಣ ಚಪಾತಿ, ಒಗ್ಗರಣೆ ಹಾಕಿದ ಗರಿಗರಿ ಅವಲಕ್ಕಿ. ಹೋಟೆಲಿನಲ್ಲಿ ಮಗಳು ಏನೂ ಮುಟ್ಟಲಿಲ್ಲವೆಂದರೆ ಒಂದು ಲೋಟ ಬಿಸಿ ಹಾಲು ತರಿಸಿ, ಹುರಿಹಿಟ್ಟು, ಬೆಲ್ಲದಪುಡಿ ಕಲಸಿಕೊಟ್ಟರೆ ಒಂದು ಹೊತ್ತು ದಾಟುತ್ತದೆ. ಇಡೀ ಕಡಲೆಬೀಜ, ಗೋಡಂಬಿಯನ್ನು ಓಡುವ ಕಾರಿನಲ್ಲಿ ಮೂರು ವರ್ಷದ ಮಗುವಿಗೆ ಕೊಡಲೇಬೇಡಿ. ಒಂದು ಸಲ ಬ್ರೇಕ್ ಹಾಕಿದರೂ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ನಿಮ್ಮ ದಾರಿಯಲ್ಲಿ ದೇವಸ್ಥಾನದ ಊಟ ದೊಡ್ಡ ಅನುಕೂಲ. ಧರ್ಮಸ್ಥಳದ ಅನ್ನಪೂರ್ಣ ಭೋಜನಶಾಲೆ, ಉಡುಪಿ ಕೃಷ್ಣಮಠದ ಊಟ ನಾನು ಮೇಲೆ ಹೇಳಿದ ಎರಡೂ ಲೆಕ್ಕಕ್ಕೆ ಸರಿಹೊಂದುತ್ತವೆ. ಕೊಪ್ಪರಿಗೆಯಲ್ಲಿ ಬೆಂದದ್ದು ಪಂಕ್ತಿಯಿಂದ ಪಂಕ್ತಿಗೆ ಖರ್ಚಾಗುತ್ತಲೇ ಇರುವುದರಿಂದ ಹಳಸಲು ಸಮಯವೇ ಸಿಗುವುದಿಲ್ಲ. ಸಾರು ಅನ್ನ, ಪಾಯಸ ಮಕ್ಕಳಿಗೂ ಇಷ್ಟ. ಎರಡು ಎಚ್ಚರ ಇರಲಿ. ಪಂಕ್ತಿಯಲ್ಲಿ ಬಡಿಸುವವರು ಕುದಿಯುವ ಸಾರಿನ ಬಕೆಟ್ ಹಿಡಿದು ವೇಗವಾಗಿ ಬರುತ್ತಾರೆ, ನೆಲದ ಮೇಲೆ ಕೂತ ಮಗುವಿನ ತಲೆ ಬಕೆಟ್ಟಿನ ಮಟ್ಟಕ್ಕೇ ಇರುತ್ತದೆ. ಮಗಳನ್ನು ನಿಮ್ಮಿಬ್ಬರ ನಡುವೆ ಕೂರಿಸಿಕೊಂಡು, ಸಾರು ಬರುವಾಗ ಅವಳ ಕೈ ಹಿಡಿದುಕೊಳ್ಳಿ. ಇನ್ನೊಂದು, ಶನಿವಾರ, ಭಾನುವಾರ, ರಜಾದಿನಗಳ ಸಾಲು. ಮಗು ಹಸಿದ ಮೇಲೆ ಸಾಲಿಗೆ ನಿಲ್ಲಬೇಡಿ. ಬಾಳೆಹಣ್ಣು ತಿನ್ನಿಸಿಕೊಂಡು ನಿಲ್ಲಿ.

ಕರಾವಳಿಗೆ ಇಳಿದ ಮೇಲೆ ಮಕ್ಕಳು ಮೊದಲು ತಕರಾರು ತೆಗೆಯುವುದು ಅನ್ನದ ಮೇಲೆ. ಕೆಂಪಗೆ ದಪ್ಪ ಇರುವ ಕುಚ್ಚಲಕ್ಕಿ ಅನ್ನ ನಮ್ಮ ಕಡೆಯ ಮಕ್ಕಳಿಗೆ ಹೊಸದು. ‘ಬೆಳ್ತಿಗೆ ಅನ್ನ ಇದೆಯಾ?’ ಎಂದು ಕೇಳಿ, ಬಿಳಿ ಅನ್ನ ಸಿಗುತ್ತದೆ. ಮಗನಿಗೆ ಮಾತ್ರ ಕುಚ್ಚಲಕ್ಕಿ ಗಂಜಿಯನ್ನು ಒಂದು ಚಮಚ ತುಪ್ಪ, ಉಪ್ಪಿನಕಾಯಿ ಜೊತೆ ರುಚಿ ತೋರಿಸಿ, ಎಂಟು ವರ್ಷಕ್ಕೆ ಹೊಸ ಊರಿನ ರುಚಿ ಕಲಿಯುವುದೂ ಪ್ರವಾಸದ ಭಾಗವೇ. ಬಲವಂತ ಬೇಡ. ನಾಲ್ಕು ದಿನ ಮೊಸರನ್ನವನ್ನೇ ತಿಂದರೂ ಮಗು ಸೊರಗುವುದಿಲ್ಲ.

ಮೀನು ತಿನ್ನುವವರಾದರೆ ಮಕ್ಕಳಿಗೆ ಅಂಜಲ್ ಎಂಬ ದೊಡ್ಡ ಮೀನಿನ ತುಂಡು ತರಿಸಿ. ನಡುವಿನ ದೊಡ್ಡ ಮುಳ್ಳು ತೆಗೆದರೆ ಬಿಡಿಸುವುದು ಸುಲಭ. ಬೂತಾಯಿ ಎಂಬ ಚಿಕ್ಕ ಮೀನಿನ ಸಣ್ಣ ಮುಳ್ಳು ಚಿಕ್ಕವಳಿಗೆ ಬೇಡ. ಯಾವ ಮೀನಾದರೂ ಮೊದಲು ನಿಮ್ಮ ಬೆರಳಲ್ಲಿ ಹಿಸುಕಿ ನೋಡಿ ಕೊಡಿ. ಸಿಗಡಿ, ಮರುವಾಯಿ (ಚಿಪ್ಪಿನೊಳಗಿನ ಮಾಂಸ) ಇವನ್ನು ಇದುವರೆಗೆ ತಿಂದಿರದ ಮಗುವಿಗೆ ಪ್ರವಾಸದಲ್ಲಿ ಶುರುಮಾಡಬೇಡಿ, ಚಿಪ್ಪುಜೀವಿಗಳ ಅಲರ್ಜಿ ಜೋರಾಗಿಯೇ ಬರಬಹುದು. ಪ್ರವಾಸ ಮಳೆಗಾಲಕ್ಕೆ ಮುಂದೆ ಹೋದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ತಟ್ಟೆಗೆ ಬರುವ ದೊಡ್ಡ ಮೀನು ಬಹುಪಾಲು ಐಸಿನಲ್ಲಿಟ್ಟದ್ದು.

ಮುರುಡೇಶ್ವರದ ಬೀಚಿನಲ್ಲಿ ಮಕ್ಕಳ ಕಣ್ಣು ಹೋಗುವುದು ಗೋಬಿ, ಬೊಂಬಾಯಿ ಮಿಠಾಯಿ, ಐಸ್‌ಗೋಲಾ ಗಾಡಿಗಳ ಮೇಲೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಯಲ್ಲಿ ಬಟ್ಟೆಗೆ ಬಳಸುವ ರೊಡಮೈನ್-ಬಿ ಬಣ್ಣ ಸಿಕ್ಕಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೆ ಬಣ್ಣ ಹಾಕುವುದಕ್ಕೂ ನಿಷೇಧ ಬಂತು. ಕಣ್ಣಿಗೆ ರಾಚುವಷ್ಟು ಕೆಂಪು, ಗುಲಾಬಿ ಕಂಡರೆ ಮಕ್ಕಳನ್ನು ಮುಂದಕ್ಕೆ ಕರೆದೊಯ್ಯಿರಿ. ಪೂರ್ತಿ ಬೇಡ ಅಂದರೆ ರಂಪವಾಗುತ್ತದೆ. ಬಿಸಿ ಮರಳಲ್ಲಿ ಹುರಿದ ಕಡಲೆಕಾಯಿ ಮಗನಿಗೆ, ಕೆಂಡದ ಮೇಲೆ ಸುಟ್ಟ ಜೋಳ ಇಬ್ಬರಿಗೂ, ಮಗಳಿಗೆ ಕಾಳು ಬಿಡಿಸಿ ಚೆನ್ನಾಗಿ ಜಜ್ಜಿ ಕೊಡಿ. ಐಸ್‌ಕ್ರೀಂ ಬೇಕೆಂದರೆ ಕಂಪನಿ ಪ್ಯಾಕಿನದ್ದು, ಕರಗಿ ಮತ್ತೆ ಗಟ್ಟಿಯಾದ ಗುರುತು ಇಲ್ಲದ್ದು.

ಇಷ್ಟೆಲ್ಲ ಮಾಡಿದರೂ ಹೊಟ್ಟೆ ಕೆಡಬಹುದು. ಹೊರಡುವ ಮುಂಚೆಯೇ ಬ್ಯಾಗಿಗೆ ಓಆರ್‌ಎಸ್ (ವಾಂತಿ-ಭೇದಿಯಲ್ಲಿ ಕಳೆದುಹೋದ ನೀರು, ಲವಣ ತುಂಬುವ) ಪುಡಿಯ ಪ್ಯಾಕೆಟ್ ಹಾಕಿ. ಪ್ಯಾಕೆಟ್ ಮೇಲೆ ‘ಡಬ್ಲ್ಯುಎಚ್‌ಒ ಫಾರ್ಮುಲಾ’ ಎಂದಿರಬೇಕು. ಅಂಗಡಿಯಲ್ಲಿ ಟೆಟ್ರಾ ಪ್ಯಾಕಿನಲ್ಲಿ ಸಿಗುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಅಂಥವುಗಳ ಹೆಸರಿನಲ್ಲಿ ಓಆರ್‌ಎಸ್ ಎಂದು ಬಳಸಬಾರದು ಎಂದು 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶಿಸಿದೆ. ಸಕ್ಕರೆ ಹೆಚ್ಚಿದ್ದರೆ ಭೇದಿ ಇನ್ನೂ ಜೋರಾಗುತ್ತದೆ. ದೊಡ್ಡ ಪ್ಯಾಕೆಟನ್ನು ಪೂರ್ತಿ 1 ಲೀಟರ್ ನೀರಿಗೆ ಹಾಕಿ, ಲೋಟಕ್ಕೆ ಚಿಟಿಕೆ ಎಂದು ಬೆರೆಸಬೇಡಿ, 24 ಗಂಟೆ ಆದಮೇಲೆ ಚೆಲ್ಲಿ. ವಾಂತಿಯಾಗುತ್ತಿರುವ ಮಗುವಿಗೆ ಲೋಟ ಹಿಡಿದು ಕುಡಿಸಿದರೆ ಅಷ್ಟೂ ಹೊರಗೆ ಬರುತ್ತದೆ. ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೆ ಒಂದೊಂದು ಚಮಚದಂತೆ ಕೊಡುತ್ತಾ ಹೋಗಿ. ಭೇದಿ ನಿಲ್ಲಿಸುವ ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡುವುದು ಬೇಡ.

ಆರು ಗಂಟೆ ಮೂತ್ರ ಹೋಗದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಚಮಚದಲ್ಲಿ ಕೊಟ್ಟದ್ದೂ ನಿಲ್ಲದಿದ್ದರೆ, ಅಳುವಾಗ ಕಣ್ಣೀರೇ ಬರದಿದ್ದರೆ, ಮಗು ಮಂಕಾಗಿ ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ‘ಊರಿಗೆ ಹೋಗಿ ನಮ್ಮ ಡಾಕ್ಟರಿಗೇ ತೋರಿಸೋಣ’ ಎಂದು ಘಾಟಿ ಹತ್ತಬೇಡಿ. ಕರಾವಳಿಯಲ್ಲಿ ಉಡುಪಿ, ಮಣಿಪಾಲ, ಮಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಮುರುಡೇಶ್ವರದಿಂದ ಉಡುಪಿಗೆ ಸುಮಾರು 100 ಕಿ.ಮೀ. ಆಗುವುದರಿಂದ ಅಲ್ಲಿದ್ದಾಗ ಹೀಗಾದರೆ ಮೊದಲು ಹತ್ತಿರದ ಭಟ್ಕಳದ ಆಸ್ಪತ್ರೆಗೆ ಹೋಗಿ. ಗಾಡಿ ಓಡಿಸುವ ಸ್ಥಿತಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.