ಲಸಿಕೆ ವ್ಯಾಪ್ತಿಯ ಶೇಕಡಾವಾರು: ಛೇದದಲ್ಲಿ ಯಾರಿದ್ದಾರೆ?

ಮಕ್ಕಳ ಲಸಿಕೆ ವ್ಯಾಪ್ತಿ ಎಂದರೆ ಒಂದು ನಿಗದಿತ ವಯಸ್ಸಿನ ಮಕ್ಕಳಲ್ಲಿ ಒಂದು ನಿಗದಿತ ಲಸಿಕೆಯ ನಿಗದಿತ ಡೋಸನ್ನು ಪಡೆದವರ ಪ್ರಮಾಣ. ಡೋಸ್ ಪಡೆದ ಮಕ್ಕಳ ಸಂಖ್ಯೆ ಅಂಶ, ಪಡೆಯಬೇಕಾಗಿದ್ದ ಎಲ್ಲ ಮಕ್ಕಳ ಸಂಖ್ಯೆ ಛೇದ. ಒಂದನ್ನು ಇನ್ನೊಂದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಉತ್ತರ ಸಿಗುತ್ತದೆ. ಲೆಕ್ಕ ಇಷ್ಟು ಸುಲಭವಾಗಿರುವುದರಿಂದಲೇ ನಾವು ಅದರ ಉತ್ತರವನ್ನು ಬೇಗನೆ ನಂಬಿಬಿಡುತ್ತೇವೆ. ಶಾಲೆಯ ಲೆಕ್ಕದ ಛೇದದಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿರುವ ಮಕ್ಕಳು ಮಾತ್ರ ಇರುತ್ತಾರೆ; ಆರೋಗ್ಯ ಕೇಂದ್ರದ ಲೆಕ್ಕದಲ್ಲಿ ಜನಗಣತಿಯಿಂದ ಅಂದಾಜಿಸಿದ ಮಕ್ಕಳು, ಇಲ್ಲವೇ ಕೇಂದ್ರಕ್ಕೆ ಒಮ್ಮೆಯಾದರೂ ಬಂದು ನೋಂದಾಯಿಸಿಕೊಂಡ ಮಕ್ಕಳು ಇರುತ್ತಾರೆ. ಲಸಿಕೆಯಿಂದ ವಂಚಿತವಾಗುವ ಸಾಧ್ಯತೆ ಹೆಚ್ಚಿರುವ ಮಗುವಿಗೆ ಈ ಎರಡೂ ಪಟ್ಟಿಗಳಿಂದ ಹೊರಗುಳಿಯುವ ಸಾಧ್ಯತೆಯೂ ಹೆಚ್ಚು. ಆದ್ದರಿಂದ ಯಾವುದೇ ಶೇಕಡಾವಾರು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ 'ಎಷ್ಟು' ಎಂಬುದಲ್ಲ, 'ಯಾರಲ್ಲಿ' ಎಂಬುದು.

ಒಂದೆರಡು ಅಂಕಗಳ ವ್ಯತ್ಯಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳುವವರು ದಡಾರದ ಉದಾಹರಣೆಯನ್ನು ನೋಡಬೇಕು. ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಸಮುದಾಯದಲ್ಲಿ ಒಬ್ಬ ದಡಾರ ರೋಗಿಯಿಂದ ಸರಾಸರಿ 12ರಿಂದ 18 ಮಂದಿಗೆ ಸೋಂಕು ತಗಲುತ್ತದೆ ಎಂಬುದು ಸಾಮಾನ್ಯವಾಗಿ ಬಳಸುವ ಅಂದಾಜು. ಒಂದರಿಂದ ಈ ಸಂಖ್ಯೆಯ ವಿಲೋಮವನ್ನು ಕಳೆದರೆ, ಸೋಂಕಿನ ಸರಪಣಿ ತುಂಡಾಗಲು ಎಷ್ಟು ಜನ ರಕ್ಷಣೆ ಹೊಂದಿರಬೇಕು ಎಂಬುದು ತಿಳಿಯುತ್ತದೆ: 12ಕ್ಕೆ ಶೇ. 91.7, 18ಕ್ಕೆ ಶೇ. 94.4. ಲಸಿಕೆ ಪಡೆದವರೆಲ್ಲರೂ ರಕ್ಷಣೆ ಪಡೆದವರಲ್ಲ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಎರಡು ಡೋಸ್‌ಗಳು ಸುಮಾರು ಶೇ. 97ರಷ್ಟು ರಕ್ಷಣೆ ಕೊಡುತ್ತವೆ ಎಂದಿಟ್ಟುಕೊಂಡರೆ, ಶೇ. 95ರಷ್ಟು ಮಕ್ಕಳಿಗೆ ಎರಡೂ ಡೋಸ್ ತಲುಪಿದಾಗ ನಿಜವಾಗಿ ರಕ್ಷಣೆ ಇರುವುದು ಶೇ. 92ರಷ್ಟು ಮಕ್ಕಳಿಗೆ. ದಡಾರಕ್ಕೆ ಶೇ. 95ರ ಗುರಿ ಇಟ್ಟಿರುವುದು ಅತಿಯಾದ ಎಚ್ಚರಿಕೆಯಿಂದಲ್ಲ. ಆ ಗುರಿಯಲ್ಲಿ ಹೆಚ್ಚುವರಿ ಅಂಚು ಎಂಬುದು ಬಹುತೇಕ ಇಲ್ಲವೇ ಇಲ್ಲ. ಶೇ. 91 ಇರುವುದನ್ನು ಶೇ. 95 ಎಂದು ದಾಖಲಿಸಿದರೆ ಅದು ಲೆಕ್ಕದ ಸಣ್ಣ ಲೋಪವಾಗಿ ಉಳಿಯುವುದಿಲ್ಲ, ಕೆಲವು ಮಕ್ಕಳ ಪಾಲಿಗೆ ಅಪಾಯವಾಗಿ ಪರಿಣಮಿಸುತ್ತದೆ.

ಆರೋಗ್ಯ ಕೇಂದ್ರದ ಲೆಕ್ಕ

ಆರೋಗ್ಯ ಕೇಂದ್ರಗಳು ಪ್ರತಿ ತಿಂಗಳು ಕಳಿಸುವ ವರದಿಯಿಂದ ಹೊರಡುವ ಅಂಕಿಯನ್ನು ಆಡಳಿತಾತ್ಮಕ ವ್ಯಾಪ್ತಿ ಎನ್ನುತ್ತಾರೆ. ಇದಕ್ಕೆ ಹೆಚ್ಚುವರಿ ಖರ್ಚಿಲ್ಲ, ತಿಂಗಳು ತಿಂಗಳೂ ಸಿಗುತ್ತದೆ, ಪ್ರತಿಯೊಂದು ಕೇಂದ್ರದ ಮಟ್ಟದಲ್ಲೂ ಸಿಗುತ್ತದೆ. ಸಾಮಾನ್ಯವಾಗಿ ಇದರ ಛೇದ, ಜೀವಂತ ಜನನಗಳಿಂದ ಶಿಶು ಮರಣಗಳನ್ನು ಕಳೆದು ಉಳಿಯುವ ಸಂಖ್ಯೆ. ಆದರೆ ಆ ಜನನಗಳ ಸಂಖ್ಯೆ ಹಲವು ಕಡೆ ಹಳೆಯ ಜನಗಣತಿಯ ಮೇಲೆ ಬೆಳವಣಿಗೆ ದರವನ್ನು ಕೂಡಿಸಿ ಮಾಡಿದ ಅಂದಾಜಾಗಿರುತ್ತದೆ. ಜನ ವಲಸೆ ಬಂದ ಪ್ರದೇಶದಲ್ಲಿ ಛೇದ ಚಿಕ್ಕದಾಗಿ ವ್ಯಾಪ್ತಿ ಶೇ. 100ನ್ನು ದಾಟುತ್ತದೆ, ಜನ ಬಿಟ್ಟುಹೋದ ಪ್ರದೇಶದಲ್ಲಿ ಸಿಬ್ಬಂದಿ ಎಷ್ಟೇ ದುಡಿದರೂ ಅಂಕಿ ಕೆಳಗೇ ಉಳಿಯುತ್ತದೆ. ಶೇ. 108 ಎಂಬ ವರದಿ ಬಂದಾಗ ಅದನ್ನು ಶೇ. 100ಕ್ಕೆ ಕತ್ತರಿಸಿ ಮುಂದಕ್ಕೆ ಕಳಿಸುವುದು ಕೆಟ್ಟ ಅಭ್ಯಾಸ. ಆ ಹೆಚ್ಚುವರಿ ಎಂಟು ಅಂಕಗಳು ಎಲ್ಲಿಂದ ಬಂದವು ಎಂಬುದೇ ಅಲ್ಲಿ ಇರುವ ಮುಖ್ಯ ಮಾಹಿತಿ: ಪಕ್ಕದ ಪ್ರದೇಶದ ಮಕ್ಕಳು ಇಲ್ಲಿಗೆ ಬಂದರೇ, ವಯಸ್ಸು ಮೀರಿದ ಮಕ್ಕಳಿಗೆ ಕೊಟ್ಟ ಡೋಸನ್ನೂ ಇದೇ ಅಂಕಣದಲ್ಲಿ ಬರೆದರೇ, ಅಥವಾ ಛೇದವೇ ತಪ್ಪೇ?

ಅಂಶದ ಕಡೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಖರ್ಚಾದ ಡೋಸ್‌ಗಳ ಸಂಖ್ಯೆ ಮತ್ತು ಲಸಿಕೆ ಪಡೆದ ಮಕ್ಕಳ ಸಂಖ್ಯೆ ಒಂದೇ ಅಲ್ಲ. ಹತ್ತು ಡೋಸ್‌ಗಳ ದಡಾರ ಲಸಿಕೆಯ ವಯಲ್ ಒಂದನ್ನು ದ್ರಾವಕದೊಂದಿಗೆ ಬೆರೆಸಿದ ಮೇಲೆ ಹೆಚ್ಚೆಂದರೆ ಆರು ಗಂಟೆಯೊಳಗೆ, ಅಥವಾ ಅಂದಿನ ಲಸಿಕಾ ಅಧಿವೇಶನ ಮುಗಿದ ಕೂಡಲೇ, ಉಳಿದದ್ದನ್ನು ಎಸೆಯಬೇಕು. ನಾಲ್ಕೇ ಮಕ್ಕಳು ಬಂದಿದ್ದರೆ ಆರು ಡೋಸ್ ವ್ಯರ್ಥ. ದಾಸ್ತಾನು ಪುಸ್ತಕದಿಂದ ವ್ಯಾಪ್ತಿಯನ್ನು ಲೆಕ್ಕ ಹಾಕಿದರೆ ಈ ಆರು ಡೋಸ್‌ಗಳೂ ಆರು ಮಕ್ಕಳಾಗಿಬಿಡುತ್ತವೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು: ವ್ಯರ್ಥವಾದೀತೆಂಬ ಅಂಜಿಕೆಯಿಂದ ಒಬ್ಬ ಮಗುವಿಗಾಗಿ ವಯಲ್ ತೆರೆಯದೆ 'ಮುಂದಿನ ವಾರ ಬನ್ನಿ' ಎಂದು ಕಳಿಸಿದಾಗ ಆ ತಾಯಿ ಮರಳಿ ಬಾರದೇ ಹೋಗಬಹುದು. ಜ್ವರಕ್ಕೋ ಗಾಯಕ್ಕೋ ಕೇಂದ್ರಕ್ಕೆ ಬಂದ, ಲಸಿಕೆ ಬಾಕಿ ಇದ್ದೂ ಲಸಿಕೆಯಿಲ್ಲದೆ ಹಿಂದಿರುಗಿದ ಮಗುವನ್ನು 'ಕೈತಪ್ಪಿದ ಅವಕಾಶ' ಎಂದು ಎಣಿಸುತ್ತಾರೆ. ಹೊರಗೆ ಹೋಗುವ ಪೋಷಕರನ್ನು ಬಾಗಿಲಲ್ಲಿ ಮಾತನಾಡಿಸಿ, ಮಗುವಿನ ಕಾರ್ಡ್ ನೋಡಿ ಈ ಎಣಿಕೆ ಮಾಡಬಹುದು. ಆರೋಗ್ಯ ಕೇಂದ್ರದೊಳಗೆ ಮಾಡಬಹುದಾದ ಅಳತೆಗಳಲ್ಲಿ ನನಗೆ ಅತ್ಯಂತ ಉಪಯುಕ್ತವಾಗಿ ಕಾಣುವುದು ಇದೇ, ಏಕೆಂದರೆ ಇದರ ಉತ್ತರವನ್ನು ಮರುದಿನವೇ ಸರಿಪಡಿಸಲು ಸಾಧ್ಯ.

ಛೇದ ಸಂಶಯಾಸ್ಪದವಾಗಿರುವಾಗ ಅದಿಲ್ಲದೆಯೇ ಲೆಕ್ಕ ಹಾಕಬಹುದಾದ ಒಂದು ಸೂಚಕವೆಂದರೆ ಮಧ್ಯದಲ್ಲಿ ಬಿಟ್ಟವರ ದರ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧ ಕೊಡುವ ಡಿಪಿಟಿ ಅಂಶವಿರುವ ಲಸಿಕೆಯ ಮೊದಲ ಡೋಸ್ ಪಡೆದವರಿಂದ ಮೂರನೇ ಡೋಸ್ ಪಡೆದವರನ್ನು ಕಳೆದು, ಮೊದಲ ಡೋಸ್ ಪಡೆದವರ ಸಂಖ್ಯೆಯಿಂದ ಭಾಗಿಸಬೇಕು. ಎರಡೂ ಸಂಖ್ಯೆಗಳು ಅದೇ ಪುಸ್ತಕದಿಂದ ಬರುವುದರಿಂದ ಜನಸಂಖ್ಯೆಯ ಅಂದಾಜು ಬೇಕಾಗುವುದಿಲ್ಲ. ಈ ದರ ಶೇ. 10ನ್ನು ಮೀರಿದರೆ ಮಕ್ಕಳು ಸೇವೆಗೆ ಬಂದೂ ಅದರೊಳಗೆ ಉಳಿಯುತ್ತಿಲ್ಲ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ದರ ಋಣಾತ್ಮಕವಾಗಿ ಬಂದರೆ, ಅಂದರೆ ಮೊದಲ ಡೋಸಿಗಿಂತ ಮೂರನೆಯದನ್ನು ಹೆಚ್ಚು ಮಕ್ಕಳು ಪಡೆದಂತೆ ಕಂಡರೆ, ಮೊದಲು ದಾಖಲೆಯನ್ನು ತಪಾಸಣೆ ಮಾಡಬೇಕು.

ಶಾಲೆಯ ಲೆಕ್ಕ

ಶಾಲೆಗೆ ಒಂದು ದೊಡ್ಡ ಅನುಕೂಲವಿದೆ: ಛೇದ ಹೆಸರು ಸಮೇತ ಕೈಯಲ್ಲಿರುತ್ತದೆ. ದಾಖಲಾತಿಯ ಸಮಯದಲ್ಲಿ ಲಸಿಕೆ ಕಾರ್ಡ್ ಕೇಳುವ ಪದ್ಧತಿ ಇರುವಲ್ಲಿ ಪ್ರತಿ ವರ್ಷ ಒಂದು ಇಡೀ ವಯೋಗುಂಪಿನ ಸ್ಥಿತಿಯನ್ನು ತಿಳಿಯಬಹುದು, ಬಿಟ್ಟುಹೋದ ಡೋಸ್‌ಗಳನ್ನು ಆಗಲೇ ಕೊಡಿಸಬಹುದು. ಆದರೂ ಗೊಂದಲ ಆರಂಭವಾಗುವುದು ಕಾರ್ಡ್ ಇಲ್ಲದ ಮಕ್ಕಳಿಂದ.

ಒಂದನೇ ತರಗತಿಯಲ್ಲಿ 120 ಮಕ್ಕಳಿರುವ ಒಂದು ಶಾಲೆಯನ್ನು ಊಹಿಸಿಕೊಳ್ಳೋಣ. 96 ಮಕ್ಕಳ ಕಾರ್ಡಿನಲ್ಲಿ ದಡಾರದ ಎರಡೂ ಡೋಸ್‌ಗಳ ದಿನಾಂಕವಿದೆ, 6 ಮಕ್ಕಳಿಗೆ ಒಂದೇ ಡೋಸ್ ಆಗಿದೆ, 4 ಮಕ್ಕಳಿಗೆ ಒಂದೂ ಆಗಿಲ್ಲ, ಉಳಿದ 14 ಮಕ್ಕಳು ಕಾರ್ಡ್ ತಂದಿಲ್ಲ. ಈ ಶಾಲೆಯ ಎರಡು ಡೋಸ್ ವ್ಯಾಪ್ತಿ ಎಷ್ಟು? ಎಲ್ಲ 120 ಮಕ್ಕಳನ್ನು ಛೇದದಲ್ಲಿಟ್ಟರೆ ಶೇ. 80. ಕಾರ್ಡ್ ಇರುವ 106 ಮಕ್ಕಳನ್ನು ಮಾತ್ರ ಇಟ್ಟರೆ ಶೇ. 90.6. ಕಾರ್ಡ್ ತಾರದವರೂ ಲಸಿಕೆ ಪಡೆದಿರುತ್ತಾರೆ ಎಂದು ಭಾವಿಸಿದರೆ ಶೇ. 91.7. ಮೂರೂ ಲೆಕ್ಕಗಳು ಗಣಿತದ ದೃಷ್ಟಿಯಿಂದ ಸರಿ, ಮೂರಕ್ಕೂ ಅರ್ಥ ಬೇರೆ. ಮೊದಲನೆಯದು ದಾಖಲೆಯಿಂದ ದೃಢಪಟ್ಟ ಕನಿಷ್ಠ ವ್ಯಾಪ್ತಿ, ಮೂರನೆಯದು ಸಾಧ್ಯವಿರುವ ಗರಿಷ್ಠ. ನಡುವಿನದು ಮೇಲ್ನೋಟಕ್ಕೆ ನ್ಯಾಯವಾಗಿ ಕಂಡರೂ, ಕಾರ್ಡ್ ಇಲ್ಲದವರು ಕಾರ್ಡ್ ಇರುವವರಂತೆಯೇ ಇದ್ದಾರೆ ಎಂಬ ಊಹೆಯ ಮೇಲೆ ನಿಂತಿದೆ. ಮನೆ ಬದಲಿಸುತ್ತಲೇ ಇರುವ ಕುಟುಂಬಗಳಲ್ಲಿ ಕಾರ್ಡ್ ಕಳೆಯುವುದೂ ಡೋಸ್ ತಪ್ಪುವುದೂ ಜೊತೆಜೊತೆಯಾಗಿ ನಡೆಯುವುದರಿಂದ ಆ ಊಹೆಯನ್ನು ಸುಲಭವಾಗಿ ಒಪ್ಪಲಾಗದು. ವರದಿಯಲ್ಲಿ ಶೇ. 80 ಎಂದು ಬರೆದು, '14 ಮಕ್ಕಳ ಸ್ಥಿತಿ ಗೊತ್ತಾಗಿಲ್ಲ' ಎಂದು ಅದರ ಪಕ್ಕದಲ್ಲೇ ನಮೂದಿಸುವುದು ಪ್ರಾಮಾಣಿಕ ಕ್ರಮ. ಆ ಹದಿನಾಲ್ಕು ಹೆಸರುಗಳೇ ಮುಂದಿನ ಕೆಲಸದ ಪಟ್ಟಿ.

ಕಾರ್ಡ್ ಇದ್ದಾಗಲೂ ಗುರುತು ಇದೆಯೇ ಎಂದಷ್ಟೇ ನೋಡಿದರೆ ಸಾಲದು, ದಿನಾಂಕಗಳನ್ನು ಓದಬೇಕು. ಸಾಂಕ್ರಾಮಿಕದ ಸಮಯದಲ್ಲಿ ಆರು ತಿಂಗಳ ಶಿಶುವಿಗೆ ಕೊಟ್ಟ ದಡಾರದ ಡೋಸನ್ನು ಶೂನ್ಯ ಡೋಸ್ ಎಂದು ಬರೆಯುತ್ತಾರೆ. ಅದು ವೇಳಾಪಟ್ಟಿಯ ಎರಡು ಡೋಸ್‌ಗಳಲ್ಲಿ ಒಂದೆಂದು ಎಣಿಕೆಯಾಗುವುದಿಲ್ಲ. ಎರಡು ದಡಾರ ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರಗಳ ಅಂತರವಿರಬೇಕು. ಗುರುತು ಇರುವ ಎಲ್ಲ ಡೋಸ್‌ಗಳನ್ನು ಎಣಿಸಿದರೆ ಸಿಗುವುದು ಒರಟು ವ್ಯಾಪ್ತಿ, ಕನಿಷ್ಠ ವಯಸ್ಸು ಮತ್ತು ಕನಿಷ್ಠ ಅಂತರದ ನಿಯಮಕ್ಕೆ ಒಪ್ಪುವವನ್ನು ಮಾತ್ರ ಎಣಿಸಿದರೆ ಸಿಗುವುದು ಸಿಂಧು ವ್ಯಾಪ್ತಿ. ಸಕಾಲಿಕತೆ ಮೂರನೆಯ ಮಾತು: ಶಾಲೆಗೆ ಸೇರುವಾಗ ಎಲ್ಲ ಡೋಸ್ ಪೂರ್ಣಗೊಂಡಿರುವ ಮಗು ಅವುಗಳಲ್ಲಿ ಕೆಲವನ್ನು ಶಾಲೆಗೆ ಸೇರಿಸುವ ಹಿಂದಿನ ತಿಂಗಳಷ್ಟೇ ಪಡೆದಿರಬಹುದು. ನಾಯಿಕೆಮ್ಮು ಅತ್ಯಂತ ಅಪಾಯಕಾರಿಯಾಗಿರುವುದು ಬದುಕಿನ ಮೊದಲ ತಿಂಗಳುಗಳಲ್ಲಿ. ಆ ಅವಧಿಯುದ್ದಕ್ಕೂ ಈ ಮಗು ರಕ್ಷಣೆಯಿಲ್ಲದೆ ಇತ್ತು ಎಂಬುದನ್ನು ಶಾಲೆಯ ಅಂಕಿ ಹೇಳುವುದಿಲ್ಲ.

ಶಾಲೆಯಲ್ಲೇ ಲಸಿಕೆ ಕೊಡುವ ಕಾರ್ಯಕ್ರಮಗಳಲ್ಲಿ, ಉದಾಹರಣೆಗೆ 9ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಡುವಾಗ, ಛೇದವನ್ನು ತರಗತಿಯಿಂದ ತೆಗೆದುಕೊಳ್ಳಬೇಕೇ ವಯಸ್ಸಿನಿಂದಲೇ ಎಂಬುದನ್ನು ಮೊದಲೇ ನಿರ್ಧರಿಸಬೇಕು. ಅಂದು ಗೈರಾದ ಮಗು, ಒಪ್ಪಿಗೆ ಪತ್ರ ವಾಪಸು ಬಾರದ ಮಗು, ಪೋಷಕರು ಸ್ಪಷ್ಟವಾಗಿ ಬೇಡವೆಂದ ಮಗು, ವೈದ್ಯಕೀಯ ಕಾರಣಕ್ಕೆ ಕೈಬಿಟ್ಟ ಮಗು — ಈ ನಾಲ್ವರನ್ನೂ 'ಲಸಿಕೆ ಪಡೆಯದವರು' ಎಂಬ ಒಂದೇ ಸಾಲಿಗೆ ತುರುಕಬಾರದು. ಬ್ಯಾಗಿನ ತಳದಲ್ಲಿ ಉಳಿದುಹೋದ ಪತ್ರವನ್ನು ನಿರಾಕರಣೆ ಎಂದು ಬರೆದರೆ, ಇನ್ನೊಮ್ಮೆ ಕೇಳಿದ್ದರೆ ಸಂತೋಷದಿಂದ ಒಪ್ಪುತ್ತಿದ್ದ ಪೋಷಕರನ್ನು ನಾವೇ ವಿರೋಧಿಗಳ ಪಟ್ಟಿಗೆ ಸೇರಿಸಿದಂತೆ.

ಸರಾಸರಿಯ ವಿಷಯದಲ್ಲಿಯೂ ಎಚ್ಚರ ಬೇಕು. ತಲಾ 100 ಮಕ್ಕಳಿರುವ ಹತ್ತು ಶಾಲೆಗಳಲ್ಲಿ ಒಂಬತ್ತು ಶಾಲೆಗಳ ವ್ಯಾಪ್ತಿ ಶೇ. 97, ಒಂದರದು ಶೇ. 70 ಎಂದುಕೊಂಡರೆ ಒಟ್ಟು ಸರಾಸರಿ ಶೇ. 94.3 ಆಗುತ್ತದೆ. ಗುರಿ ಬಹುತೇಕ ತಲುಪಿದಂತೆಯೇ ಕಾಣುತ್ತದೆ. ಆದರೆ ಲಸಿಕೆಯಿಲ್ಲದ 57 ಮಕ್ಕಳಲ್ಲಿ 30 ಮಂದಿ ಒಂದೇ ಕಟ್ಟಡದಲ್ಲಿ, ದಿನವೂ ಒಟ್ಟಿಗೆ ಕುಳಿತಿರುತ್ತಾರೆ. ದಡಾರದ ವೈರಾಣುವಿಗೆ ಬೇಕಾಗಿರುವುದು ಅಂಥ ಒಂದು ಕಟ್ಟಡ. ಶಾಲಾವಾರು ಅಂಕಿಗಳನ್ನು ಸರಾಸರಿಯಲ್ಲಿ ಕರಗಿಸದೆ ಹಾಗೆಯೇ ಇಡುವುದು ಈ ಕಾರಣಕ್ಕೆ ಅತ್ಯಗತ್ಯ.

ಮನೆಮನೆ ಸಮೀಕ್ಷೆ

ವಿಶ್ವ ಆರೋಗ್ಯ ಸಂಸ್ಥೆ 1974ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿದ ನಂತರ, ಪಟ್ಟಿಗಳನ್ನು ನಂಬದೆ ನೇರವಾಗಿ ಮನೆಗಳಿಗೆ ಹೋಗಿ ಅಳೆಯುವ ಸುಲಭ ವಿಧಾನವೊಂದು ಬೇಕಾಯಿತು. ಹಾಗೆ ಬಳಕೆಗೆ ಬಂದದ್ದು 30 ಗುಚ್ಛಗಳ ಸಮೀಕ್ಷೆ: ಜನಸಂಖ್ಯೆಗೆ ಅನುಗುಣವಾಗಿ 30 ಸ್ಥಳಗಳನ್ನು ಆರಿಸಿ, ಪ್ರತಿ ಸ್ಥಳದಲ್ಲಿ 12ರಿಂದ 23 ತಿಂಗಳ 7 ಮಕ್ಕಳನ್ನು ನೋಡುವುದು. ಶೇ. 50ರ ವ್ಯಾಪ್ತಿಯನ್ನು ಹತ್ತು ಅಂಕಗಳ ಆಚೀಚೆಗೆ ಅಳೆಯಲು ಸುಮಾರು 96 ಮಕ್ಕಳು ಸಾಕು. ಒಂದೇ ಗುಚ್ಛದ ಮಕ್ಕಳು ಪರಸ್ಪರ ಹೋಲುವುದರಿಂದ ಅದನ್ನು ಇಮ್ಮಡಿಸಿದರೆ 192, ಅದನ್ನು 30 ಗುಚ್ಛಗಳಿಗೆ ಹಂಚಿದಾಗ 210. ವಿಧಾನದ ಬಲಹೀನತೆ ಇದ್ದದ್ದು ಮನೆ ಆರಿಸುವ ಕ್ರಮದಲ್ಲಿ: ಮೊದಲ ಮನೆಯಿಂದ ಹತ್ತಿರದ ಮನೆಗೆ, ಅಲ್ಲಿಂದ ಮತ್ತೂ ಹತ್ತಿರದ ಮನೆಗೆ ಹೋಗಿ ಏಳು ಮಕ್ಕಳು ಸಿಕ್ಕ ಕೂಡಲೇ ನಿಲ್ಲಿಸುವುದು. ಬೀಗ ಹಾಕಿದ ಮನೆ, ಊರಂಚಿನ ಗುಡಿಸಲು ಇಲ್ಲಿ ಸದ್ದಿಲ್ಲದೆ ಹೊರಗುಳಿಯುತ್ತಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗದರ್ಶಿಯು ಪ್ರತಿ ಮನೆಗೂ ಗೊತ್ತಿರುವ ಆಯ್ಕೆ ಸಂಭವನೀಯತೆ ಇರುವಂತೆ ಮಾದರಿ ತೆಗೆಯಬೇಕೆಂದು ಹೇಳುತ್ತದೆ.

ಸಮೀಕ್ಷೆಯಲ್ಲಿ ಕಾರ್ಡ್ ಸಿಗದಿದ್ದಾಗ ಪೋಷಕರ ನೆನಪನ್ನು ಅವಲಂಬಿಸುತ್ತಾರೆ. ಹಲವು ಚುಚ್ಚುಮದ್ದುಗಳಲ್ಲಿ ಯಾವುದು ಎಷ್ಟನೆಯದು ಎಂದು ನೆನಪಿಡುವುದು ಯಾರಿಗೂ ಸುಲಭವಲ್ಲ, ಆದ್ದರಿಂದ ಕಾರ್ಡಿನಿಂದ ಬಂದದ್ದನ್ನೂ ನೆನಪಿನಿಂದ ಬಂದದ್ದನ್ನೂ ಬೇರೆ ಬೇರೆಯಾಗಿ ತೋರಿಸಬೇಕು. ರಕ್ತಪರೀಕ್ಷೆ ಈ ತೊಂದರೆಯನ್ನು ಪೂರ್ತಿಯಾಗಿ ನಿವಾರಿಸದು: ದಡಾರದ ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನ್) ಲಸಿಕೆಯಿಂದ ಬಂತೋ ರೋಗದಿಂದ ಬಂತೋ ಎಂದು ವಾಡಿಕೆಯ ಪರೀಕ್ಷೆಯಲ್ಲಿ ಹೇಳಲಾಗದು. ಧನುರ್ವಾಯು ಬಂದು ವಾಸಿಯಾದವರಲ್ಲಿ ರಕ್ಷಣೆ ಹುಟ್ಟುವುದಿಲ್ಲವಾದ್ದರಿಂದ, ಆ ಪ್ರತಿಕಾಯ ಮಾತ್ರ ಲಸಿಕೆಗೆ ಸಾಕಷ್ಟು ಸ್ಪಷ್ಟವಾದ ಗುರುತು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಆಡಳಿತಾತ್ಮಕ ವರದಿ ಮತ್ತು ಸಮೀಕ್ಷೆಗಳನ್ನು ಒಟ್ಟಿಗೆ ತೂಗಿ ಪ್ರತಿ ವರ್ಷ ದೇಶವಾರು ಅಂದಾಜು ಪ್ರಕಟಿಸುತ್ತವೆ. 2024ಕ್ಕೆ ಸಂಬಂಧಿಸಿದ ಅವರ ಅಂದಾಜಿನಂತೆ ಜಗತ್ತಿನಲ್ಲಿ ಡಿಪಿಟಿಯ ಮೊದಲ ಡೋಸ್ ಶೇ. 89ರಷ್ಟು, ಮೂರನೆಯದು ಶೇ. 85ರಷ್ಟು ಶಿಶುಗಳಿಗೆ ತಲುಪಿದೆ. ಸುಮಾರು 1 ಕೋಟಿ 43 ಲಕ್ಷ ಶಿಶುಗಳಿಗೆ ಮೊದಲ ಡೋಸೂ ಸಿಕ್ಕಿಲ್ಲ. ಮಧ್ಯದಲ್ಲಿ ಬಿಟ್ಟವರ ದರ ಇಲ್ಲಿ ಶೇ. 4.5ರಷ್ಟೇ. ಅಂದರೆ ದೊಡ್ಡ ಕೊರತೆ ಇರುವುದು ಬಂದವರನ್ನು ಉಳಿಸಿಕೊಳ್ಳುವಲ್ಲಿ ಅಲ್ಲ, ಒಮ್ಮೆಯೂ ಬಾರದವರನ್ನು ತಲುಪುವಲ್ಲಿ.

ಒಮ್ಮೆಯೂ ಬಾರದ ಮಗು ಒಂದೇ ಪಟ್ಟಿಯನ್ನು ಎಷ್ಟು ಸಲ ತಿದ್ದಿದರೂ ಕಾಣುವುದಿಲ್ಲ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣಬಹುದು. ಜನನ ನೋಂದಣಿಯಲ್ಲಿದ್ದು ಲಸಿಕಾ ನೋಂದಣಿಯಲ್ಲಿಲ್ಲದ ಹೆಸರುಗಳು, ಶಾಲೆಗೆ ದಾಖಲಾಗಿದ್ದೂ ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ಎಂದೂ ಕಾಣಿಸಿಕೊಳ್ಳದ ಹೆಸರುಗಳು, ಕೇಂದ್ರದಲ್ಲಿ ನೋಂದಣಿಯಾಗಿ ಆರು ವರ್ಷ ತುಂಬಿದರೂ ಯಾವ ಶಾಲೆಗೂ ಸೇರದ ಹೆಸರುಗಳು — ಈ ಮೂರನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದು, ಮನೆ ಭೇಟಿಗೆ ಹೋಗುವ ಕಾರ್ಯಕರ್ತರಿಗೆ ಕೊಡಬೇಕು. ಕಾಗುಣಿತದ ವ್ಯತ್ಯಾಸದಿಂದ ಒಂದೇ ಮಗು ಎರಡು ಹೆಸರಾಗಿ ಕಾಣುವುದು ಸಾಮಾನ್ಯವಾದ್ದರಿಂದ, ಹೊಂದಿಸುವಾಗ ಹೆಸರಿನ ಜೊತೆಗೆ ಹುಟ್ಟಿದ ದಿನಾಂಕವನ್ನೂ ತಾಯಿಯ ಹೆಸರನ್ನೂ ನೋಡಬೇಕು. ಭೇಟಿಯಿಂದ ತಿಳಿದುಬಂದದ್ದನ್ನು ಎರಡೂ ಪುಸ್ತಕಗಳಲ್ಲಿ ತಿದ್ದಿದ ನಂತರವೇ ಮುಂದಿನ ತಿಂಗಳ ಶೇಕಡಾವಾರನ್ನು ಲೆಕ್ಕ ಹಾಕಬೇಕು. ಹೊಸ ಹೆಸರುಗಳು ಛೇದಕ್ಕೆ ಸೇರಿ ಆ ತಿಂಗಳು ವ್ಯಾಪ್ತಿ ಕುಸಿದಂತೆ ಕಂಡರೆ, ಕುಸಿತಕ್ಕೆ ಕಾರಣವೇನೆಂದು ವರದಿಯಲ್ಲೇ ಬರೆಯಬೇಕು.